ಕಮಲಕ್ಕನನ್ನು ಕೇಳಿ ಓಟು ಕೇಳಿದ್ದು

ಅದು 1960ರ ಆಸುಪಾಸು. ಸುಳ್ಯ ಆಗ ಇನ್ನೂ ಪುತ್ತೂರು ತಾಲೂಕಿಗೇ ಸೇರಿತ್ತು. ತಾಲೂಕು ಬೋರ್ಡಿಗೆ ಚುನಾವಣೆ ಬಂದಿತ್ತು. ನಾನು ಮಂಡೆಕೋಲಿನಿಂದ ಸುಳ್ಯಕ್ಕೆ ಸೊಸೆಯಾಗಿ ಬಂದು ಹೆಚ್ಚು ಕಾಲವಾಗಿರಲಿಲ್ಲ. ನನ್ನ ಮಾವ ಸ್ವಾತಂತ್ರ್ಯಕ್ಕಾಗಿ ಜೈಲಿಗೆ ಹೋಗಿ ಬಂದವರು. ಪಕ್ಷದ ಕೆಲಸ ಎಂದರೆ ನಮ್ಮಲ್ಲಿ ಮನೆಗೆಲಸದ ಹಾಗೆಯೇ, ಯಾರೂ ತಪ್ಪಿಸುವಂತಿರಲಿಲ್ಲ. ಹೆಂಗಸರ ಓಟು ಕೇಳಲು ಹೆಂಗಸರೇ ಹೋಗಬೇಕೆಂದು ಮಾವ ನನ್ನನ್ನು ಹೊರಡಿಸಿದರು.

ನಮ್ಮ ಪಕ್ಷದಿಂದ ನಿಂತವರ ನಿಜವಾದ ಹೆಸರು ಬೇಡ, ಅವರ ಮಕ್ಕಳು ಈಗಲೂ ಊರಲ್ಲಿದ್ದಾರೆ. ಶೇಷಣ್ಣ ಎಂದಿಟ್ಟುಕೊಳ್ಳಿ. ಮೊದಲ ಹೆಂಡತಿಗೆ ಮಕ್ಕಳಾಗಲಿಲ್ಲವೆಂದು ಅವಳನ್ನು ತವರಿಗೆ ಕಳಿಸಿ ಇನ್ನೊಂದು ಮದುವೆಯಾದವರು ಅವರು. ನನಗದು ಗೊತ್ತಿರಲಿಲ್ಲ. ಹೋದ ಮೊದಲ ದಿನವೇ ಒಂದು ಮನೆಯ ಅಜ್ಜಿ ನನಗೆ ನೀರು ಬೆಲ್ಲ ಕೊಟ್ಟು, "ಕಟ್ಟಿಕೊಂಡವಳನ್ನು ಹೊರಗೆ ಹಾಕಿದವರು ನಮಗೆ ಎಂತ ನ್ಯಾಯ ಕೊಡುದು ಮಗಾ?" ಎಂದು ಕೇಳಿದರು. ಬೆಲ್ಲ ಬಾಯಲ್ಲೇ ಉಳಿಯಿತು.

ಸಂಜೆ ಮಾವನಿಗೆ, ನಾನಿನ್ನು ಹೋಗುವುದಿಲ್ಲ ಎಂದೆ. ಹೇಳಿದೆನಾದರೂ ಮನಸ್ಸು ಎರಡಾಗಿತ್ತು. ಸುಳ್ಯಕ್ಕೊಂದು ಹೆರಿಗೆ ಆಸ್ಪತ್ರೆ ಬೇಕೆಂದು ಮಂಗಳೂರಿಗೆ ಅಲೆದವರು ಶೇಷಣ್ಣ ಒಬ್ಬರೇ. ಎದುರು ನಿಂತವರು, ಹೆಂಗಸರು ಮನೆಯಲ್ಲಿ ಹೆರುವುದು ಇವತ್ತಿನದ್ದಲ್ಲ, ಅದಕ್ಕೆಲ್ಲ ಕಟ್ಟಡ ಯಾಕೆ ಎಂದು ಸಭೆಯಲ್ಲೇ ಹೇಳಿದ್ದರು. ನನ್ನ ಸ್ವಂತ ಅಕ್ಕನನ್ನು ಹೆರಿಗೆ ನೋವಿನಲ್ಲಿ ಕುರ್ಚಿಯಲ್ಲಿ ಹೊತ್ತು ತಂದು ಪಯಸ್ವಿನಿ ಹೊಳೆಯ ದಡದಲ್ಲಿ ದೋಣಿಗೆ ಕಾಯುತ್ತಿದ್ದಾಗಲೇ ಅವಳ ಜೀವ ಹೋಗಿತ್ತು. ಅವಳ ಕೈ ಹಿಡಿದುಕೊಂಡಿದ್ದವಳು ನಾನು.

ಮಾವ ಬೈಯಲಿಲ್ಲ. ಇಷ್ಟೇ ಹೇಳಿದರು: "ಅನ್ಯಾಯ ಆದದ್ದು ನನಗಲ್ಲ, ನಿನಗೂ ಅಲ್ಲ. ಯಾರಿಗೆ ಆಯಿತೋ ಅವಳನ್ನೇ ಕೇಳಿ ಬಾ. ಅವಳು ಬೇಡ ಅಂದರೆ ನಾನೂ ಹೋಗುದಿಲ್ಲ."

ಆ ಹೆಂಗಸು, ಕಮಲಕ್ಕ, ಕೋಡಿಂಬಾಳದಲ್ಲಿ ಅಣ್ಣನ ಮನೆಯಲ್ಲಿದ್ದರು. ನನ್ನ ಗಂಡ ಜೊತೆಗೆ ಬಂದರು. ಪುತ್ತೂರಿನಲ್ಲಿ ಬಸ್ಸು ಬದಲಿಸಿ ಕಡಬ ಸೇರಿ, ಅಲ್ಲಿಂದ ನಡೆದೆವು. ಗಂಡ ದಾರಿಬದಿಯಲ್ಲೇ ಉಳಿದರು, ನಾನೊಬ್ಬಳೇ ಅಂಗಳಕ್ಕಿಳಿದೆ. ಕಮಲಕ್ಕ ಹಂಡೆಯಲ್ಲಿ ಭತ್ತ ಬೇಯಿಸುತ್ತಿದ್ದರು. ಎತ್ತರದ, ಸಪೂರದ ಹೆಂಗಸು. ನಾನು ಯಾರ ಕಡೆಯವಳೆಂದು ತಿಳಿದಾಗ ಮುಖ ಗಟ್ಟಿಯಾಯಿತು. ಆದರೂ ದೂರದಿಂದ ಬಂದವಳೆಂದು ಮೊದಲು ಒಳಗೆ ಕರೆದು ಗಂಜಿ ಬಡಿಸಿದರು. ಉಂಡ ಮೇಲೆಯೇ ಬಂದ ವಿಷಯ ಕೇಳಿದ್ದು.

ಎಲ್ಲ ಹೇಳಿದೆ. ಅಕ್ಕನ ವಿಷಯ ಹೇಳುವಾಗ ಅಳು ಬಂತು. ಅವರು ಒಲೆಗೆ ಇನ್ನಷ್ಟು ಸೌದೆ ಒಡ್ಡಿದರು. ಮತ್ತೆ ಹೇಳಿದರು:

"ಅವರು ನನಗೆ ಮಾಡಿದ್ದು ತಪ್ಪು. ತಪ್ಪಲ್ಲ ಅಂತ ಎಲ್ಲಿಯೂ ಹೇಳಬೇಡ ತಂಗಿ. ಯಾರಾದರೂ ಕೇಳಿದರೆ ಹೌದು ಅಂತಲೇ ಹೇಳು. ಮತ್ತೆ ಆಸ್ಪತ್ರೆಗೆ ಅಂತ ಓಟು ಕೇಳುದಾದರೆ ಕೇಳು. ಹೆರುವವರು ಎಂತ ಪಾಪ ಮಾಡಿದ್ದಾರೆ?"

"ನಿಮಗೆ ಸಿಟ್ಟು ಇಲ್ಲವಾ ಅಕ್ಕ?"

"ಉಂಟು. ಅದು ನನ್ನದು, ನನ್ನ ಹತ್ತಿರವೇ ಇರಲಿ. ನೀನು ಹೊತ್ತುಕೊಂಡು ತಿರುಗಬೇಡ."

ಮರುದಿನದಿಂದ ನಾನು ಹಾಗೆಯೇ ಹೇಳತೊಡಗಿದೆ. ಹೆಂಡತಿಗೆ ಮಾಡಿದ್ದು ತಪ್ಪೇ, ಅದನ್ನು ಸಮರ್ಥಿಸಲು ನಾನು ಬಂದಿಲ್ಲ, ಆಸ್ಪತ್ರೆಗಾಗಿ ಬಂದಿದ್ದೇನೆ ಎಂದೆ. ಕೆಲವರು ಬಾಗಿಲು ಹಾಕಿಕೊಂಡರು, ಹೆಚ್ಚಿನವರು ಕೂತು ಕೇಳಿದರು. ಸುದ್ದಿ ಶೇಷಣ್ಣನಿಗೆ ಮುಟ್ಟಿತು. ಅವರು ಕೆಂಡವಾಗಿ ನಮ್ಮ ಮನೆಗೆ ಬಂದು, ನಮ್ಮವರೇ ನನ್ನ ಮಾನ ತೆಗೆದರೆ ಹೇಗೆ ಎಂದು ಮಾವನ ಮೇಲೆ ರೇಗಿದರು. ಮಾವ ನನ್ನನ್ನು ಹೊರಗೆ ಕರೆದರು. ಕಮಲಕ್ಕ ಹೇಳಿಕೊಟ್ಟದ್ದನ್ನೇ ಹೇಳುತ್ತಿದ್ದೇನೆ ಎಂದೆ. ಆ ಹೆಸರು ಕೇಳಿದ್ದೇ ಶೇಷಣ್ಣ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟರು. ಹೀಗೆ ಹೇಳಿ ಓಟು ಕೇಳುವುದು ಬೇಡವಾದರೆ ಈ ಮನೆಯಿಂದ ಯಾರೂ ಬರುವುದಿಲ್ಲ ಎಂದರು ಮಾವ. ಶೇಷಣ್ಣ ಕಾಫಿ ಕುಡಿಯದೆ ಎದ್ದು ಹೋದರು. ಆದರೆ ಮರುದಿನ ಬೆಳಿಗ್ಗೆ ನನ್ನನ್ನು ಕರೆದೊಯ್ಯಲು ಜೀಪು ಎಂದಿನಂತೆ ಬಂತು.

ಶೇಷಣ್ಣ ಸ್ವಲ್ಪವೇ ಓಟುಗಳಿಂದ ಗೆದ್ದರು. ಬೆನ್ನುಬಿಡದೆ ಓಡಾಡಿ ಕೊನೆಗೆ ಒಂದು ಸಣ್ಣ ಹೆರಿಗೆ ಆಸ್ಪತ್ರೆ ಮಾಡಿಸಿಯೂ ಮಾಡಿಸಿದರು. ಆದರೆ ಕಮಲಕ್ಕನ ವಿಷಯದಲ್ಲಿ ಅವರು ಬದಲಾಗಲಿಲ್ಲ. ಒಮ್ಮೆ ಹೋಗಿ ಮಾತಾಡಿಸಿ ಬನ್ನಿ ಎಂದು ನಾನು ಹೇಳಿದಾಗ ಮುಖ ತಿರುಗಿಸಿ ಹೋದರು. ಮುಂದಿನ ಚುನಾವಣೆಗಳಲ್ಲಿ ನಾನು ಪಕ್ಷದ ಕೆಲವರಿಗೆ ಓಟು ಕೇಳಿದ್ದೇನೆ, ಕೆಲವರಿಗೆ ಖಂಡಿತ ಆಗುವುದಿಲ್ಲ ಎಂದಿದ್ದೇನೆ. ಮಾವ ಒಮ್ಮೆಯೂ ಯಾಕೆಂದು ಕೇಳಲಿಲ್ಲ.

ನನ್ನ ಮಗಳು ಹುಟ್ಟಿದ್ದು ಆ ಆಸ್ಪತ್ರೆಯಲ್ಲೇ. ರಕ್ತ ನಿಲ್ಲದೆ ಹೋದಾಗ ಅಲ್ಲಿದ್ದ ನರ್ಸಮ್ಮ ನನ್ನನ್ನು ಉಳಿಸಿದರು. ಮಗುವಿಗೆ ಕುತ್ತಿಗೆ ನಿಂತ ಮೇಲೆ ಎತ್ತಿಕೊಂಡು ಕೋಡಿಂಬಾಳಕ್ಕೆ ಹೋದೆ. ಕಮಲಕ್ಕ ಅವಳನ್ನು ಮಡಿಲಲ್ಲಿಟ್ಟುಕೊಂಡು ಸಂಜೆಯವರೆಗೂ ಕೆಳಗಿಳಿಸಲಿಲ್ಲ.

ಅಂದು ಅವರು "ಬೇಡ" ಎಂದು ಒಂದೇ ಮಾತು ಹೇಳಿದ್ದರೆ ನಾನು ತಿರುಗಿ ಬರುತ್ತಿದ್ದೆ, ಯಾರೂ ಅವರನ್ನು ತಪ್ಪೆನ್ನುತ್ತಿರಲಿಲ್ಲ. ಆ ಆಸ್ಪತ್ರೆಯಲ್ಲಿ ಹೆತ್ತ ಎಷ್ಟೋ ತಾಯಂದಿರಿಗೆ ಅವರ ಹೆಸರೂ ಗೊತ್ತಿಲ್ಲ. ನನಗೆ ಗೊತ್ತು.