ನಡೆದು ಊದಿದ ಕ್ಯಾಸೆಟ್

ನಮ್ಮ ಮಾಸ್ತರರ ಮುಂದಿನ ಎರಡು ಹಲ್ಲು ಅಲುಗಾಡತೊಡಗಿದಾಗ ಬ್ಯಾಂಡಿನ ಉಳಿದ ನಾಲ್ಕೂ ಜನ ಮೆತ್ತಗಾದೆವು. ಮಾಸ್ತರರೆಂದರೆ ಶಾಲೆಯವರಲ್ಲ, ಟ್ರಂಪೆಟ್ ಊದುವವರು. ಆ ವಾದ್ಯ ಕೂರುವುದು ತುಟಿಯ ಮೇಲೆ, ತುಟಿಗೆ ಆಧಾರ ಮುಂದಿನ ಹಲ್ಲು. ಜಮಖಂಡಿಯ ಹಲ್ಲಿನ ಡಾಕ್ಟರರು ಬಾಯೊಳಗೆ ಬ್ಯಾಟರಿ ಬಿಟ್ಟು ನೋಡಿ, "ಇವು ಇನ್ನ ನಿಮ್ಮವಲ್ಲರಿ, ತಗಸ್ರಿ" ಎಂದರು. ಮಾಸ್ತರರು ಎಂಟು ದಿನದ ವಾಯಿದೆ ಕೇಳಿ ಬಂದರು. ಆ ದಿನಗಳಲ್ಲಿ ಅವರು ಗಂಜಿ ಕುಡಿದು, ರೊಟ್ಟಿಯನ್ನು ಬರೀ ಕಣ್ಣಿಂದ ನೋಡಿದರು.

ಅವರಪ್ಪ ಸಂಸ್ಥಾನದ ಬ್ಯಾಂಡಿನಲ್ಲಿ ಊದುತ್ತಿದ್ದವರು. ಬಿಳಿಯ ಬ್ಯಾಂಡ್ ಮಾಸ್ತರ ಕಲಿಸಿದ ಊದುವಿಕೆಗೆ ದರಬಾರಿನ ಗವಾಯಿಗಳಿಂದ ಗೋಡೆಯಾಚೆ ನಿಂತು ಕೇಳಿದ ರಾಗಗಳನ್ನು ಬೆರೆಸಿ ಐದು ಚೀಜು ಕಟ್ಟಿದ್ದರು. ಭೂಪ, ಯಮನ, ದುರ್ಗಾ, ಪೀಲು, ಕಡೆಗೆ ಭೈರವಿ, ರಾಗಕ್ಕೊಂದು ಹಾಡು. ಸಂಸ್ಥಾನ ಹೋಯಿತು, ಬ್ಯಾಂಡೂ ಹೋಯಿತು, ಚೀಜುಗಳು ಮಾತ್ರ ಮಗನ ಬಾಯಲ್ಲಿ ಉಳಿದವು. ಮದುವೆ ಮೆರವಣಿಗೆಯಲ್ಲಿ ಜನ ಸಿನಿಮಾ ಹಾಡು ಕೇಳುತ್ತಿದ್ದರು. ಮಾಸ್ತರರು ಎರಡು ಸಿನಿಮಾ ಹಾಡಿನ ನಡುವೆ ಒಂದು ಚೀಜು ತುರುಕುತ್ತಿದ್ದರು, ತಾಯಿ ಮಗುವಿಗೆ ಬೆಲ್ಲದಲ್ಲಿ ಔಷಧಿ ಕೊಟ್ಟಂತೆ. ನಾನು ಬನಹಟ್ಟಿಯಲ್ಲಿ ಸೀರೆ ನೇಯುವವನು, ಮದುವೆ ದಿನಗಳಲ್ಲಿ ಸೈಡ್ ಡ್ರಮ್ಮಿನವನು. ಕ್ಲಾರಿನೆಟ್ಟಿನವನು ಮಾಸ್ತರರ ಹಿಂದೆ ಹಿಂದೆ ಊದುತ್ತಿದ್ದ, ಮುಂದೆ ಬಿಟ್ಟರೆ ದಾರಿ ತಪ್ಪುತ್ತಿದ್ದ. ಇನ್ನಿಬ್ಬರದು ಢೋಲು, ತಾಳ. ಒಬ್ಬರಿಗೂ ಒಂದು ಚೀಜೂ ಪೂರ್ತಿ ಬರುತ್ತಿರಲಿಲ್ಲ. ಹಲ್ಲು ಹೋದರೆ ಐದೂ ಹೋದಂತೆ.

"ಕ್ಯಾಸೆಟ್ ಮಾಡೂಣ್ರಿ" ಎಂದವನು ರಬಕವಿಯ ಮೈಕ್ ಸೆಟ್ಟಿನವನು. ಅವನ ಹತ್ತಿರ ದೊಡ್ಡ ಟೇಪ್ ರೆಕಾರ್ಡರ್ ಇತ್ತು. ಆದರೆ ಮಗ್ಗದ ಸಪ್ಪಳವಿಲ್ಲದ ಜಾಗ ನಮ್ಮಲ್ಲಿ ಎಲ್ಲಿದೆ? ಅಮಾವಾಸ್ಯೆಯಂದು ಮಾತ್ರ ಮಗ್ಗ ಹೂಡುವುದಿಲ್ಲ. ಪುಣ್ಯಕ್ಕೆ ವಾಯಿದೆಯ ಏಳನೆಯ ದಿನವೇ ಅಮಾವಾಸ್ಯೆ. ನನ್ನ ಸಾವಕಾರರು ತಮ್ಮ ಕೈಮಗ್ಗದ ಶೆಡ್ಡು ಬಿಟ್ಟುಕೊಟ್ಟರು.

ಮುಂಜಾನೆ ಹೋದರೆ ಮೈಕಿನವನು ನಡುವಿನ ತೊಲೆಗೆ ಮೈಕು ಇಳಿಬಿಟ್ಟು, ಸುತ್ತ ಐದು ಕುರ್ಚಿ ಹಾಕಿದ್ದ. ಕುಳಿತೆವು. ಮಾಸ್ತರರು ಊದಿದರು, ಬರೀ ಗಾಳಿ ಬಂತು. ನನ್ನ ಕಡ್ಡಿ ಒಂದು ಕಡೆ, ಢೋಲು ಇನ್ನೊಂದು ಕಡೆ. ಮೂರು ಸಲ ಹೀಗೇ ಆಯಿತು. ಮಾಸ್ತರರು ಟ್ರಂಪೆಟ್ ತೊಡೆಯ ಮೇಲಿಟ್ಟುಕೊಂಡು ನಮ್ಮನ್ನು ನೋಡಿದರು.

"ನಾವು ಕುಂತು ಯಾವಾಗರೆ ಬಾರಿಸೇವೇನ್ಲೇ?"

ಯಾರೂ ಬಾರಿಸಿರಲಿಲ್ಲ. ಎಷ್ಟೋ ವರ್ಷದಿಂದ ನಡೆಯುತ್ತ ನಡೆಯುತ್ತಲೇ ಬಾರಿಸಿದ್ದೆವು. ಎಡಗಾಲು ಇಟ್ಟಾಗ ಊದು, ಬಲಗಾಲು ಎತ್ತಿದಾಗ ಉಸಿರು ತಗೋ ಎಂದು ಅವರಪ್ಪ ಕಲಿಸಿದ್ದರು. ಕಾಲು ಸುಮ್ಮನಿದ್ದರೆ ಉಸಿರಿಗೆ ತನ್ನ ಸರದಿ ಗೊತ್ತಾಗುತ್ತಿರಲಿಲ್ಲ.

"ಹಂಗಾರ ನಿಂತು ಬಾರಸ್ರಿ" ಎಂದ ಮೈಕಿನವನು.

"ಕುಂತ್ರ ಊಟ, ನಿಂತ್ರ ಆರತಿ, ನಡದ್ರ ಚೀಜು" ಎಂದರು ಮಾಸ್ತರರು. "ನಮ್ಮಪ್ಪ ಹಾಕಿದ ಪದ್ಧತಿ. ನಾ ಮುರಿಯಾಂವಲ್ಲ."

ಕುರ್ಚಿ ತೆಗೆಸಿ, ಮಗ್ಗಗಳ ಸಂದಿಯಲ್ಲಿ ಮೈಕಿನ ಸುತ್ತ ನಡೆಯತೊಡಗಿದೆವು. ಈಗ ಸುರ ಬಂತು, ಆದರೆ ಓಟಕ್ಕೆ ಬಿದ್ದಂತೆ ಬಂತು. ನಾಲ್ಕು ಹೆಜ್ಜೆಗೊಮ್ಮೆ ಹಿಂದೆ ತಿರುಗಿ ಮದುಮಗ ಎಲ್ಲಿದ್ದಾನೆಂದು ನೋಡಿ ವೇಗ ಹಿಡಿಯುವುದು ಮಾಸ್ತರರ ರೂಢಿ. ತಿರುಗಿ ನೋಡುತ್ತಾರೆ, ಮದುಮಗನೇ ಇಲ್ಲ. ಗಾಬರಿಯಾಗಿ ನಿಂತುಬಿಟ್ಟರು. ಆಗ ಅರವತ್ತು ದಾಟಿದ ನಮ್ಮ ಸಾವಕಾರರೇ ತಲೆಗೊಂದು ರುಮಾಲು ಸುತ್ತಿ, ಕೈಯಲ್ಲಿ ನಿಂಬೆಹಣ್ಣು ಹಿಡಿದು ಮದುಮಗನಾಗಿ ಹಿಂದೆ ಬಂದರು. ನಿಂಬೆಹಣ್ಣು ಅವರದೇ ವಿಚಾರ. ನಡಿಗೆಯಲ್ಲಿ ಎಷ್ಟು ಠೀವಿಯಿತ್ತೆಂದರೆ, ಈ ಮನುಷ್ಯನಿಗೆ ಮೊದಲ ಸಲ ಮೆರವಣಿಗೆ ಸರಿಯಾಗಿ ಆಗಿರಲಿಕ್ಕಿಲ್ಲ ಎನಿಸಿತು.

ಭೂಪ, ಯಮನ ಮುಗಿದವು. ಸಾವಕಾರರ ಹೆಂಡತಿ ಚಹಾ ತಂದರು.

"ಯಾರ ಮದವಿರೀ ಇದು?"

"ನಂದ" ಎಂದರು ಸಾವಕಾರರು.

"ಛಲೋ ಆತು. ಚಾ ಆರತೈತಿ, ಕುಡದು ಮುಂದಿಂದು ಮಾಡ್ಕೋರಿ" ಎಂದು ಅವರು ಒಳಗೆ ಹೋದರು.

ದುರ್ಗಾ ನಡೆದಾಗ ಢೋಲಿನವನು ಮಗ್ಗದ ಕುಣಿಗೆ ಬಿದ್ದ. ನೇಯುವಾಗ ನಾವು ಕಾಲು ಇಳಿಬಿಡುವ ಕುಣಿ ಅದು, ಸೊಂಟದಷ್ಟು ಆಳ. ನಾವು ನಿಲ್ಲಲಿಲ್ಲ. ಮೆರವಣಿಗೆಯಲ್ಲಿ ಯಾರಾದರೂ ಬೀಳುವವರೇ, ಅದಕ್ಕೆಲ್ಲ ನಿಂತರೆ ಅಕ್ಕಿಕಾಳಿನ ಮುಹೂರ್ತ ಮೀರುತ್ತದೆ. ಅವನೂ ಅದೇ ಪದ್ಧತಿಯಲ್ಲಿ ಬೆಳೆದವನು, ಕುಣಿಯೊಳಗೆ ನಿಂತೇ ಬಾರಿಸಿದ. ಅರ್ಧ ಚೀಜಿಗೆ ಢೋಲು ನೆಲದೊಳಗಿಂದ ಬಂದಿದೆ.

ಭೈರವಿಯ ಹೊತ್ತಿಗೆ ಮಾಸ್ತರರ ತುಟಿಯಲ್ಲಿ ರಕ್ತ ಕಾಣುತ್ತಿತ್ತು. ನಾನು ಅವರ ಬಾಯಿ ನೋಡುವುದನ್ನು ಬಿಟ್ಟು ಕಾಲು ನೋಡುತ್ತ ಬಾರಿಸಿದೆ. ಅಂಥ ಭೈರವಿ ನಾನು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಮುಗಿದಾಗ ಸಾವಕಾರರು ನಿಂಬೆಹಣ್ಣು ಹಿಡಿದುಕೊಂಡೇ ಅಳುತ್ತಿದ್ದರು.

ಟೇಪು ತಿರುಗಿಸಿ ಕೇಳಿದೆವು. ಟ್ರಂಪೆಟ್ ಕಿವಿಯ ಹತ್ತಿರ ಬರುತ್ತದೆ, ಸರಿಯಾಗಿ ಸುರ ಏರುವಾಗ ಮೂಲೆಯ ಮಗ್ಗದ ಕಡೆ ದೂರ ಹೋಗುತ್ತದೆ, ಮತ್ತೆ ಬರುತ್ತದೆ. ಮೈಕಿನವನು ಹಣೆ ಬಡಿದುಕೊಂಡ. ಮಾಸ್ತರರಿಗೆ ಮಾತ್ರ ಖುಷಿ. ಮರುದಿನ ಹೋಗಿ ಹಲ್ಲು ಕೀಳಿಸಿಕೊಂಡರು. ಕಟ್ಟಿಸಿದ ಹಲ್ಲು ಹಾಕಿಕೊಂಡು ಒಮ್ಮೆ ಊದಿ ನೋಡಿದರು, ಸುರಕ್ಕಿಂತ ಮೊದಲು ಹಲ್ಲು ಹೊರಗೆ ಬಂದವು. ಆಮೇಲೆ ಹಲ್ಲು ಡಬ್ಬಿಗೆ, ಟ್ರಂಪೆಟ್ ಗೂಟಕ್ಕೆ ಹೋದವು.

ಕ್ಯಾಸೆಟ್ ಮಾತ್ರ ಊರೂರು ತಿರುಗಿತು. ಮೈಕಿನವನು ಪ್ರತಿ ತೆಗೆದು ಮುಧೋಳ, ಬೀಳಗಿಯ ಮೈಕ್ ಸೆಟ್ಟಿನವರಿಗೆಲ್ಲ ಕೊಟ್ಟಿದ್ದ. ಟೇಪು ಊಟ ಕೇಳುವುದಿಲ್ಲ, ಬಸ್ಸು ತಪ್ಪಿತೆನ್ನುವುದಿಲ್ಲ. ಉಳಿದ ನಮ್ಮ ನಾಲ್ವರನ್ನು ಕರೆಯುವವರು ಕಡಿಮೆಯಾದರು. ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕಿಕೊಂಡಿದ್ದೆವು. ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಯ ಮನೆಯ ನಾಲ್ಕು ಮದುವೆಗೆ ನಾವೇ ಬಾರಿಸಿದ್ದೆವು. ಐದನೆಯದಕ್ಕೆ ಬಾರಿಸುವ ವೀಳ್ಯ ಬರಲಿಲ್ಲ, ಲಗ್ನಪತ್ರಿಕೆ ಬಂತು.

ಮಾಸ್ತರರೂ ನಾನೂ ಹೋದೆವು. ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಷ್ಟರಲ್ಲಿ ಮೆರವಣಿಗೆ ಎದುರಾಯಿತು. ಒಂದು ಟೆಂಪೋ, ಅದರ ಮೇಲೆ ಎರಡು ಲೌಡ್‌ಸ್ಪೀಕರ್ ಕರ್ಣ, ಹಿಂದೆ ಕುದುರೆಯ ಮೇಲೆ ಮದುಮಗ. ಕರ್ಣದಲ್ಲಿ ನಮ್ಮ ಭೂಪ. ಟ್ರಂಪೆಟ್ ದೂರ ಹೋದಾಗ ಟೆಂಪೋದವನು ಟೇಪಿಗೊಂದು ಗುದ್ದು ಕೊಟ್ಟ.

"ಹೊಡೀಬ್ಯಾಡೋ" ಎಂದರು ಮಾಸ್ತರರು. "ಮೂಲೀ ಮಗ್ಗದ ಕಡೆ ಹೋಗ್ಯಾನ, ಬರ್ತಾನ."

ಅವನಿಗೆ ಕೇಳಿಸಲಿಲ್ಲ. ಮಾಸ್ತರರು ತಮಗೆ ಅರಿವಿಲ್ಲದೆ ಟೆಂಪೋದ ಮುಂದೆ ಹೋಗಿ ನಿಂತು ನಡೆಯತೊಡಗಿದ್ದರು. ಗಲ್ಲ ಉಬ್ಬಿತ್ತು, ಬೆರಳು ಬರಿಗಾಳಿಯಲ್ಲಿ ಆಡುತ್ತಿದ್ದವು, ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ಮದುಮಗನನ್ನು ನೋಡುತ್ತಿದ್ದರು. ನಾನು ಪಕ್ಕದಲ್ಲಿದ್ದೆ. ಬೀಗರ ಕಡೆಯ ಒಬ್ಬ ಓಡಿ ಬಂದು ಅವರ ಹೆಗಲು ಮುಟ್ಟಿದ.

"ಅಜ್ಜಾರ, ಬಾಜೂಕ ಸರೀರಿ. ಬ್ಯಾಂಡ್ ಬರಾಕತ್ತೈತಿ."

ನನಗೆ ಮೈಯೆಲ್ಲ ಉರಿಯಿತು. ಈ ಮನುಷ್ಯ ಯಾರೆಂದು ಹೇಳಲು ಬಾಯಿ ತೆರೆದೆ. ಮಾಸ್ತರರು ನನ್ನ ತೋಳು ಹಿಡಿದು ಚರಂಡಿಯ ದಂಡೆಗೆ ಎಳೆದುಕೊಂಡರು. ಮುಂದಿನ ಹಲ್ಲಿಲ್ಲದ ಬಾಯಿ ತುಂಬ ನಗುತ್ತಿದ್ದರು.

"ಖರೇನ ಹೇಳ್ಯಾನ. ದಾರಿ ಬಿಡಲೇ ತಮ್ಮಾ" ಎಂದರು. "ನಮ್ಮಪ್ಪ ಬರಾಕತ್ತಾನ."

ನಾನು ದಾರಿ ಬಿಟ್ಟೆ.