ದೊರೆಸ್ವಾಮಿ ಇಟ್ಟ ನೀರಿನ ಪರೀಕ್ಷೆ

“ಬೆಳಿಗ್ಗೆ ಮೊದಲು ಸ್ನಾನ ಮಾಡೋರು ಯಾರು ಸಾರ್?”

ಭದ್ರಾವತಿಯ ದೊರೆಸ್ವಾಮಿಯವರು ಶಿವಮೊಗ್ಗದ ನಮ್ಮ ಮನೆಯೊಳಗೆ ಕಾಲಿಟ್ಟು ಕೇಳಿದ ಮೊದಲ ಪ್ರಶ್ನೆ ಇದು. ನಾನು ಅವರನ್ನು ಕರೆಸಿದ್ದು ತಾರಸಿಯ ಮೇಲೆ ಇನ್ನೊಂದು ನೀರಿನ ಟ್ಯಾಂಕು ಕೂರಿಸಲು. ಪ್ರೌಢಶಾಲೆಯಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾದ ನನ್ನನ್ನು ಸ್ನಾನದ ವಿಷಯದಲ್ಲಿ ಅದುವರೆಗೆ ಯಾರೂ ವಿಚಾರಣೆಗೆ ಗುರಿಪಡಿಸಿರಲಿಲ್ಲ.

ಟ್ಯಾಂಕಿಗೆ ಕಾರಣ ಮಗಳು ವೀಣಾ. ಚೊಚ್ಚಲ ಹೆರಿಗೆಗೆಂದು ಬಂದಿದ್ದಳು. ನಮ್ಮ ಬೀದಿಯ ನಲ್ಲಿಯೋ, ಬೆಳಿಗ್ಗೆ ಒಂದು ಹೊತ್ತು ಮಾತ್ರ ಬರುತ್ತದೆ. ಎಲ್ಲಾದರೂ ಪೈಪು ಒಡೆದರೆ ಮೂರು ದಿನ ಮೌನವ್ರತ. ಸಂಪು ತೋಡಲು ಜಾಗವಿಲ್ಲ. “ಬಾಣಂತಿಗೂ ಮಗುವಿಗೂ ಎರೆಯೋಕೆ ನೀರಿಲ್ಲ ಅಂತ ಒಂದು ದಿನ ಆದ್ರೂ ನಾನು ಈ ಮನೇಲಿರಲ್ಲ” ಎಂದು ನನ್ನ ಹೆಂಡತಿ ಜಾನಕಿ ಘೋಷಿಸಿದ್ದಳು.

ಮರುದಿನ ಮೊದಲ ಬಸ್ಸಿಗೇ ದೊರೆಸ್ವಾಮಿ ಮತ್ತೆ ಹಾಜರು. ಖಾಕಿ ಅಂಗಿ, ಕಿವಿಯಲ್ಲಿ ಪೆನ್ಸಿಲು, ಕೈಯಲ್ಲಿ ಗೆರೆ ಎಳೆದ ಬಿದಿರು ಕೋಲು. ಕಾರ್ಖಾನೆಯೊಂದರಲ್ಲಿ ಪೈಪು ಜೋಡಿಸುತ್ತಲೇ ತಲೆ ನೆರೆದ ಮನುಷ್ಯ. ಪೈಪಿನ ಜೊತೆ ತಮಿಳು, ನಮ್ಮ ಜೊತೆ ಕನ್ನಡ. ತಾರಸಿ ಹತ್ತಿ, ಹಳೆಯ ಟ್ಯಾಂಕಿಗೆ ಕೋಲು ಇಳಿಸಿ, ಪಕ್ಕದಲ್ಲಿ ಬಕೆಟ್ಟು ಬೋರಲು ಹಾಕಿ ಕೂತರು. ಅಲ್ಲಿಂದ ಆಕಾಶವಾಣಿ ಶುರುವಾಯಿತು.

“ಈಗ ಯಾರು?”

“ನಾನು, ಅಡುಗೆಮನೆ” ಎಂದಳು ಜಾನಕಿ.

“ಅರ್ಧ ಗೆರೆ. ಪರವಾಗಿಲ್ಲ ಅಮ್ಮಾವ್ರೆ.”

ಎಂಟು ಗಂಟೆಗೆ ಮೇಲಿನಿಂದ ಆರ್ತನಾದ: “ಅಯ್ಯಯ್ಯೋ, ಎರಡು ಗೆರೆ! ಯಾರದು?”

ನೀರಿನ ಮಿತವ್ಯಯದ ಬಗ್ಗೆ ಶಾಲೆಯಲ್ಲಿ ಭಾಷಣ ಮಾಡಿದವನು ನಾನು. ಕೆನ್ನೆಯಲ್ಲಿ ನೊರೆ, ಮುಂದೆ ತೆರೆದ ನಲ್ಲಿ.

“ನಮ್ಮನೇವ್ರು ಶೇವಿಂಗ್ ಮಾಡ್ಕೊಳ್ತಿದ್ದಾರೆ” ಎಂದು ಜಾನಕಿ ಪರಮಾನಂದದಿಂದ ಕೂಗಿದಳು.

“ಸಕ್ರೆಬೈಲಲ್ಲಿ ಆನೇಗೂ ಇಷ್ಟು ಬೇಕಾಗಲ್ಲ ಸಾರ್!”

ಎರಡು ದಿನ ಹೀಗೆ ನಮ್ಮನ್ನು ಅಳೆದ ಮೇಲೆಯೇ ಅವರು ಲೆಕ್ಕ ಒಪ್ಪಿಸಿದ್ದು. “ಬಾಣಂತಿ ಒಬ್ಬರು ಅಂದ್ರೆ ನೀರಿಗೆ ನಾಲ್ಕು ಆಳು. ಮಗು ಅರ್ಧ ಆಳು. ಮಗು ಬಟ್ಟೆ ಎರಡು ಆಳು.”

ಹೊಸ ಟ್ಯಾಂಕಿಗೆ ಬೇರೆಯೇ ವಾಲ್ವು ಇಟ್ಟು, ತುಂಬಿಸಿ, ಬಂದ್ ಮಾಡಿ, ಆಪತ್ತಿಗೆಂದು ಕಾಯ್ದಿರಿಸಬೇಕು ಎಂಬುದು ನನ್ನ ಘನವಾದ ಯೋಜನೆ. ದೊರೆಸ್ವಾಮಿ ನನ್ನನ್ನು ಕನಿಕರದಿಂದ ನೋಡಿದರು.

“ಮೂರು ತಿಂಗಳು ಮುಚ್ಚಿಟ್ಟ ನೀರನ್ನ ಹಸುಗೂಸಿನ ಮೈಮೇಲೆ ಹಾಕ್ತೀರಾ ಸಾರ್? ಬೀದಿ ನೀರು ಮೊದಲು ಹೊಸದಕ್ಕೆ ಬೀಳ್ಬೇಕು, ಅಲ್ಲಿಂದ ಹಳೇದಕ್ಕೆ, ಆಮೇಲೆ ಕೆಳಗೆ. ದಿನಾ ಖರ್ಚಾಗ್ಬೇಕು, ದಿನಾ ಹೊಸದಾಗ್ಬೇಕು.”

ಹಾಗೆಯೇ ಆಯಿತು. ತಾರಸಿಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ, ಕೆಳಗೆ ಗೋಡೆ ಇರುವ ಜಾಗ ಹಿಡಿದು, ಅದರ ಮೇಲೆಯೇ ಟ್ಯಾಂಕು ಕೂರಿಸಿದರು. ಅಡುಗೆಮನೆ, ಬಚ್ಚಲು, ನನ್ನ ಅಪಕೀರ್ತಿಯ ವಾಷ್‌ಬೇಸಿನ್ನು, ಹಿಂದಿನ ಕೋಣೆಯ ಬಾತ್‌ರೂಮು, ಪ್ರತಿಯೊಂದಕ್ಕೂ ತಾರಸಿಯಲ್ಲೇ ಪ್ರತ್ಯೇಕ ವಾಲ್ವು.

ಸೋಮವಾರ ಎರಡು ಟ್ಯಾಂಕೂ ತುಂಬಿದವು. ದೊರೆಸ್ವಾಮಿ ಗೇಟಿನ ಬಳಿ ಬಗ್ಗಿ ಬೀದಿ ನೀರಿನ ವಾಲ್ವು ತಿರುಗಿಸಿ ಮುಚ್ಚಿದರು. ಅದರ ಹಿಡಿ ಕಿತ್ತು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಳಿಸಿದರು.

“ಇದೇನು ದೊರೆಸ್ವಾಮಿಯವರೇ?”

“ಪರೀಕ್ಷೆ. ಮೂರು ದಿನ ಬೀದಿ ನೀರಿಲ್ಲ ಅಂದ್ಕೊಂಡು ಬದುಕಿ. ಹಿಡಿ ಇಲ್ಲಿದ್ರೆ ನೀವು ಕದ್ದು ತಿರುಗಿಸ್ತೀರಿ. ಗುರುವಾರ ಬರ್ತೀನಿ.”

ಹಿಡಿ ಭದ್ರಾವತಿಗೆ ಪ್ರಯಾಣ ಮಾಡಿತು. ಅದೇ ಸಂಜೆ, ಡಾಕ್ಟರು ಹೇಳಿದ್ದಕ್ಕಿಂತ ಎರಡು ವಾರ ಮೊದಲೇ, ವೀಣಾಳಿಗೆ ನೋವು ಕಾಣಿಸಿಕೊಂಡಿತು! ಮಂಗಳವಾರ ಬೆಳಿಗ್ಗೆ ಹೆಣ್ಣುಮಗು. ದಾವಣಗೆರೆಯ ಬೀಗರಿಗೆ ಫೋನು ಮಾಡಿ, “ಎಲ್ಲರೂ ಬನ್ನಿ, ನಮ್ಮಲ್ಲಿ ಈಗ ನೀರಿಗೆ ಬರವಿಲ್ಲ” ಎಂದು ನಾನೇ ಸಾರಿದೆ. ನಾಲ್ವರು ಬಂದರು. ನನ್ನ ಮಾತನ್ನು ಅಕ್ಷರಶಃ ನಂಬಿ ದಿನಕ್ಕೆರಡು ಸಲ ಮಿಂದರು.

ಗುರುವಾರ ಬೆಳಿಗ್ಗೆ ಆಸ್ಪತ್ರೆಯಿಂದ ಕಾರು ಹೊರಟಿದೆ ಎಂದು ಫೋನು ಬಂತು. ಅದೇ ಗಳಿಗೆಗೆ ದೊರೆಸ್ವಾಮಿ ಬಂದು, ಹಿಡಿ ಹಾಕಿ, ತಿರುಗಿಸಿದರು. ಪೈಪು ಒಮ್ಮೆ ಉಸ್ಸೆಂದಿತು, ಅಷ್ಟೇ.

“ನಿನ್ನೆಯಿಂದ ಇಡೀ ಬೀದಿಗೇ ಇಲ್ಲ, ಪೈಪ್ ಒಡೆದಿದೆಯಲ್ಲ ಮಾರಾಯ್ರೆ” ಎಂದರು ಪಕ್ಕದ ಮನೆಯವರು. ವಾಲ್ವು ಮುಚ್ಚಿಕೊಂಡು ತಪಸ್ಸಿಗೆ ಕೂತಿದ್ದ ನಮಗೆ ಈ ಸುದ್ದಿ ತಲುಪಿರಲೇ ಇಲ್ಲ.

ದೊರೆಸ್ವಾಮಿಯ ಮುಖ ಬಿಳುಚಿಕೊಂಡಿತು. ನಿಜವಾದ ಬರ ಬಂದಾಗ ಅವರ ಪರೀಕ್ಷೆಯೇ ಟ್ಯಾಂಕು ಬರಿದು ಮಾಡಿತ್ತು. ತಾರಸಿಗೆ ಓಡಿ ಕೋಲು ಇಳಿಸಿದರು. ಹಿಂದೆಯೇ ಏದುಸಿರು ಬಿಡುತ್ತಾ ನಾನು.

“ಬಾಣಂತಿಗೆ ಇದೆ. ಮಗುವಿಗೆ ಇದೆ. ಬಟ್ಟೆಗೂ ಇದೆ. ನಿಮಗೆ ಯಾರಿಗೂ ಇಲ್ಲ!” ಎನ್ನುತ್ತಾ ಬಚ್ಚಲಿನದೊಂದನ್ನು ಬಿಟ್ಟು ಎಲ್ಲ ವಾಲ್ವುಗಳನ್ನೂ ಪಟಪಟನೆ ಮುಚ್ಚಿದರು.

ಕೆಳಗೆ ಹಿಂದಿನ ಬಾತ್‌ರೂಮಿನಿಂದ ಹಿರಿಯ ಬೀಗರ ಕೂಗು: “ಯಾರ್ರೀ ಅದು! ತಲೆ ತುಂಬಾ ಸೋಪಿದೆ!”

“ಟವಲ್ ತಗೊಂಡು ಒರೆಸ್ಕೊಳ್ಳಿ ಸಾರ್!” ತಾರಸಿಯಿಂದ ರಾಜಾಜ್ಞೆ. “ಮೊಮ್ಮಗಳು ಬರ್ತಿದ್ದಾಳೆ!”

ಬೀಗರು ಒಂದು ಕಿವಿಯಲ್ಲಿ ನೊರೆ ಉಳಿಸಿಕೊಂಡೇ ಮೊಮ್ಮಗಳನ್ನು ಎದುರುಗೊಂಡರು. ಬಚ್ಚಲಲ್ಲಿ ಹಂಡೆ ಹಬೆಯಾಡಿತು. ಜಾನಕಿ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಮೊದಲ ಚೊಂಬು ಎರೆದಳು. ಮಗು ಬೀದಿಗೆಲ್ಲ ಕೇಳುವಂತೆ ಅತ್ತಿತು. ಬಚ್ಚಲಿನ ಹೊರಗೆ ದೊರೆಸ್ವಾಮಿ ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಚೊಂಬು ಎಣಿಸುತ್ತಿದ್ದಾರೆ ಎಂದುಕೊಂಡೆ. ಅಲ್ಲ, ತುಟಿ ನಗುತ್ತಿತ್ತು.

ಹೊರಡುವಾಗ ಗೇಟಿನ ಬಳಿ ತಲೆ ಕೆರೆದುಕೊಂಡರು. “ತಪ್ಪಾಯ್ತು ಸಾರ್. ಹೆರಿಗೆಗೆ ಇಷ್ಟು ಹತ್ತಿರ ಪರೀಕ್ಷೆ ಇಡಬಾರದಿತ್ತು. ಮುಂದಿನ ಸಲ ಏಳನೇ ತಿಂಗಳಲ್ಲೇ ಮುಗಿಸಿಬಿಡೋಣ.”

“ಮುಂದಿನ ಸಲವೇ?”

“ಪಾಪುಗೆ ತಮ್ಮನೋ ತಂಗಿಯೋ ಬೇಡ್ವಾ?”

ಒಳಗಿನಿಂದ ವೀಣಾ ಕೂಗಿದಳು: “ದೊರೆಸ್ವಾಮಿಯವರೇ, ನೀವು ಮೊದಲು ಬಸ್ ಹತ್ತಿ!”

ನಗುತ್ತಲೇ ಹೋದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಕಳೆದ ವರ್ಷ, ಒಂದು ನಲ್ಲಿ ಸೋರುತ್ತಿದೆಯೆಂದು ಫೋನು ಮಾಡಿದಾಗ ಅವರ ಹೆಂಡತಿ ಎತ್ತಿಕೊಂಡು, ಅವರು ತೀರಿಹೋಗಿ ತಿಂಗಳಾಯಿತು ಎಂದರು.

ವೀಣಾಳಿಗೆ ಈಗ ಮತ್ತೆ ಏಳು ತಿಂಗಳು. ಹೋದ ಸೋಮವಾರ ಎರಡೂ ಟ್ಯಾಂಕು ತುಂಬಿದ ಮೇಲೆ ಬೀದಿ ವಾಲ್ವನ್ನು ಶಾಸ್ತ್ರೋಕ್ತವಾಗಿ ನಾನೇ ಮುಚ್ಚಿದೆ. ಮೂರು ದಿನ ಎಂದು ಮನೆಮಂದಿಗೆಲ್ಲ ಗಂಭೀರವಾಗಿ ಸಾರಿದೆ. ಮಧ್ಯಾಹ್ನದ ಹೊತ್ತಿಗೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ನಾನೇ ಹೋಗಿ ತೆಗೆದೆ.