ಖುರ್ಷಿದಮ್ಮನಿಗೆ ಮೂರು ಸಲ ಕೊಟ್ಟ ಹೊಲಿಗೆ ಯಂತ್ರ

ಖುರ್ಷಿದಮ್ಮ ಯಾರನ್ನೂ ಅವರ ಹೆಸರಿನಿಂದ ಕರೆಯುತ್ತಿರಲಿಲ್ಲ. ಅವರು ಕೊಟ್ಟು ಮರೆತ ಮಾತಿನಿಂದ ಕರೆಯುತ್ತಿದ್ದರು. ಗಲ್ಲಿಗೆ ನಲ್ಲಿ ಹಾಕಿಸುತ್ತೇನೆಂದು ಹೇಳಿ ಗೆದ್ದುಹೋದ ಕೌನ್ಸಿಲರು ಅವರ ಬಾಯಲ್ಲಿ ‘ನಲ್ಲಿ ಸಾಹೇಬ್ರು’. ಚಾವಣಿಯ ಹೆಂಚು ಬದಲಾಯಿಸುತ್ತೇನೆಂದು ಆರು ಮಳೆಗಾಲ ಕಳೆದ ಮನೆ ಮಾಲೀಕರು ‘ಹೆಂಚಪ್ಪ’. ಪಕ್ಕದ ಮನೆಯಲ್ಲಿದ್ದ ನಾನು, ಊರಿಗೆಲ್ಲ ಗೌರವಸ್ಥನೆಂದು ನಂಬಿಕೊಂಡಿದ್ದ ಹೈಸ್ಕೂಲು ಉಪಾಧ್ಯಾಯ, ‘ನಾಳೆ ಮೇಷ್ಟ್ರು’. ಅದಕ್ಕೆ ಕಾರಣ ನಮ್ಮ ಕ್ಲಬ್ಬು.

ಎಂಬತ್ತರ ದಶಕದ ಶಿಡ್ಲಘಟ್ಟದಲ್ಲಿ ಸಮಾಜಸೇವೆ ಮಾಡಲು ಕೋಟು ಬೇಕಿತ್ತು. ಕೋಟಿದ್ದವರೆಲ್ಲ ಸೇರಿ ಒಂದು ಸೇವಾ ಕ್ಲಬ್ಬು ಮಾಡಿಕೊಂಡಿದ್ದೆವು. ನನ್ನದು ಮದುವೆಯ ಕೋಟು. ಅದರ ಬಲದಿಂದಲೇ ಕಾರ್ಯದರ್ಶಿಯಾದೆ. ಪ್ರತಿ ಜುಲೈನಲ್ಲಿ ಹೊಸ ಅಧ್ಯಕ್ಷರ ಪದಗ್ರಹಣ. ಹಳಬರು ಅಧ್ಯಕ್ಷಪದವಿಯ ಕೊರಳಪಟ್ಟಿ ತೆಗೆದು ಹೊಸಬರಿಗೆ ತೊಡಿಸುವುದು, ಹೊಸಬರು ಗಂಟೆ ಬಾರಿಸುವುದು, ಆಮೇಲೆ ಒಬ್ಬ ಬಡ ಹೆಂಗಸಿಗೆ ಹೊಲಿಗೆ ಯಂತ್ರ ಕೊಡುವುದು. ಯಂತ್ರವನ್ನು ಪೇಟೆಯ ಅಂಗಡಿಯಿಂದ ಆ ದಿನದ ಮಟ್ಟಿಗೆ ತರುತ್ತಿದ್ದೆವು. ಫೋಟೋ ಆದ ಮೇಲೆ ಅದು ಹಿಂದಿನ ಬಾಗಿಲಿನಿಂದ ವಾಪಸು ಹೋಗುತ್ತಿತ್ತು. ಬಡ ಹೆಂಗಸನ್ನು ಹುಡುಕಿ ತರುವುದು ಕಾರ್ಯದರ್ಶಿಯ ಜವಾಬ್ದಾರಿ. ನಾನೇನೂ ಹೆಚ್ಚು ಹುಡುಕಲಿಲ್ಲ, ಪಕ್ಕದ ಮನೆಯ ಕದ ತಟ್ಟಿದೆ.

ಖುರ್ಷಿದಮ್ಮನಿಗೆ ಯಂತ್ರ ನಿಜವಾಗಿಯೂ ಬೇಕಿತ್ತು. ಗಂಡ ತೀರಿಕೊಂಡ ಮೇಲೆ ಅವರು ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದರು. ದಿನವಿಡೀ ಬಿಸಿನೀರಿನಲ್ಲಿ ಕೈಯಾಡಿಸಿ ಗೂಡಿನ ಎಳೆ ಹುಡುಕಿ ಹುಡುಕಿ ಬೆರಳ ತುದಿಯ ಚರ್ಮ ಬಿಳಿಚಿಕೊಂಡು ಸೀಳಿಹೋಗಿತ್ತು. ಖಾರದ ಸಾರಿಗೆ ಬೆರಳು ಅದ್ದಲಾಗದೆ ಚಮಚದಲ್ಲಿ ಊಟ ಮಾಡುತ್ತಿದ್ದರು. “ನೋಡಿ ಮೇಷ್ಟ್ರೇ, ನಾನೂ ದೊರೆಸಾನಿ ಆಗ್ಬಿಟ್ಟೆ,” ಎಂದು ಅದಕ್ಕೂ ನಗುತ್ತಿದ್ದರು. ಹೊಲಿಗೆ ಅವರಿಗೆ ಚಿಕ್ಕಂದಿನಿಂದ ಬರುತ್ತಿತ್ತು. ಯಂತ್ರವೊಂದು ಸಿಕ್ಕಿದ್ದರೆ ಆ ನೀರಿನ ಸಹವಾಸವೇ ಬೇಕಿರಲಿಲ್ಲ.

ಮೊದಲ ವರ್ಷ ಫೋಟೋ ಆದ ಮೇಲೆ, “ನಾಳೆ ಮನೆಗೇ ಕಳಿಸ್ತೀವಿ ಖುರ್ಷಿದಮ್ಮ,” ಎಂದೆ. ಅವರು ಹೋಗಿ ಕಿಟಕಿಯ ಪಕ್ಕ ಜಾಗ ಗುಡಿಸಿ ಸಾರಿಸಿಟ್ಟರು. ಬಾವಿಗೆ ಹೋದಾಗಲೆಲ್ಲ ಆ ಖಾಲಿ ಜಾಗ ಕಣ್ಣಿಗೆ ಬೀಳುತ್ತಿತ್ತು. ನಾನು ಬೇರೆ ಕಡೆ ನೋಡುವುದನ್ನು ಕಲಿತೆ. ಎರಡನೇ ವರ್ಷ ಇನ್ನೊಬ್ಬ ಅಧ್ಯಕ್ಷರು, ಅದೇ ಅಂಗಡಿ, ಅದೇ ಹೆಂಗಸು. ಅಧ್ಯಕ್ಷರು ಗಾಬರಿಯಲ್ಲಿ ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತಾಗ ಖುರ್ಷಿದಮ್ಮನೇ, “ಸಾರ್, ಈ ಕಡೆ ತಿರುಗಿ. ಹೋದ ವರ್ಷದೋರು ಇಲ್ಲೇ ನಿಂತಿದ್ರು,” ಎಂದು ತಿದ್ದಿದರು.

ಮೂರನೇ ವರ್ಷ ಕರೆಯಲು ನನಗೂ ನಾಚಿಕೆಯಾಗಿತ್ತು. “ಬರ್ತೀನಿ ಬಿಡಿ, ನನ್ನ ಬಿಟ್ರೆ ನಿಮ್ಗೆ ಯಾರಿದ್ದಾರೆ?” ಎಂದರು.

ಆ ಸಲದ ಅಧ್ಯಕ್ಷರು ಹಿಪ್ಪುನೇರಳೆ ತೋಟಗಳ ಧಣಿ ಮುನಿನಾರಾಯಣಪ್ಪನವರು. ಮಹಿಳೆಯರು ಸ್ವಂತ ಕಾಲ ಮೇಲೆ ನಿಲ್ಲಬೇಕೆಂದು ಮುಕ್ಕಾಲು ಗಂಟೆ ಮಾತಾಡಿದರು. ಅಷ್ಟೂ ಹೊತ್ತು ಖುರ್ಷಿದಮ್ಮ ಅಕ್ಷರಶಃ ನಿಂತೇ ಇದ್ದರು. ಫೋಟೋ ಆಯಿತು. ಚಪ್ಪಾಳೆಯೂ ಆಯಿತು. ಅವರು ವೇದಿಕೆಯಿಂದ ಇಳಿಯಲಿಲ್ಲ. ಬೆಂಗಳೂರಿನಿಂದ ಬಂದಿದ್ದ ಮುಖ್ಯ ಅತಿಥಿಗಳ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ, “ದೊಡ್ಡ ಸಾಹೇಬ್ರೇ, ಇದು ನಂದೇ ತಾನೇ? ತಗೊಂಡ್ಹೋಗ್ಲಾ?” ಎಂದರು.

ಪಾಪ, ಅತಿಥಿಗಳಿಗೇನು ಗೊತ್ತು. “ನಿಮ್ದೇ ಕಣಮ್ಮ, ಧಾರಾಳವಾಗಿ ತಗೊಂಡ್ಹೋಗಿ,” ಎಂದರು.

ನಾನು ಓಡಿಹೋಗಿ, “ನಾಳೆ ಕಳಿಸ್ತೀವಿ…” ಎಂದು ಪಿಸುಗುಟ್ಟಿದೆ.

“ಬೇಡ ಮೇಷ್ಟ್ರೇ, ಹೊರಗೆ ಜಟಕಾ ನಿಲ್ಸಿದ್ದೀನಿ. ಅಧ್ಯಕ್ಷ್ರೇ, ಭಾರ ಐತೆ, ಆ ಕಡೆ ಒಂದು ಕೈ ಹಾಕಿ.”

ಸಭೆಯೆಲ್ಲ ನೋಡುತ್ತಿತ್ತು. ಮುನಿನಾರಾಯಣಪ್ಪನವರು ಕೊರಳಪಟ್ಟಿ, ಗಂಧದ ಹಾರ, ಕೋಟು ಸಮೇತ ಬಗ್ಗಿ ಯಂತ್ರದ ಒಂದು ಕಡೆ ಹಿಡಿದರು. ಇನ್ನೊಂದು ಕಡೆ ನಾನು ಹಿಡಿಯಬೇಕಾಯಿತು. ಇದೂ ಕಾರ್ಯಕ್ರಮದ ಭಾಗವೆಂದುಕೊಂಡ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಿಂದಿನ ಬಾಗಿಲಲ್ಲಿ ಕಾಯುತ್ತಿದ್ದ ಅಂಗಡಿಯವನ ಮುಖ ಮಾತ್ರ ನೋಡುವಂತಿರಲಿಲ್ಲ. ಅವನನ್ನು ಅಧ್ಯಕ್ಷರು ಹೇಗೆ ಸಮಾಧಾನ ಮಾಡಿದರೋ, ನನಗೆ ಕೇಳುವ ಧೈರ್ಯವಾಗಲಿಲ್ಲ. ನಮ್ಮ ಕ್ಲಬ್ಬು ಮಾಡಿದ ಮೊದಲ ಸೇವೆ ಅದು. ಮರುವರ್ಷದಿಂದ ನಾವು, ಯಾರೂ ಎತ್ತಿಕೊಂಡು ಹೋಗಲಾಗದ ಸೇವೆಗೆ ಇಳಿದೆವು: ರಸ್ತೆಬದಿಯಲ್ಲಿ ಸಿಮೆಂಟು ಬೆಂಚು ಹಾಕಿಸುವುದು.

ಐದಾರು ವರ್ಷದ ಮೇಲೆ ಖುರ್ಷಿದಮ್ಮ ಚಿಂತಾಮಣಿಯ ಮಗಳ ಮನೆಗೆ ಹೊರಟರು. ಯಂತ್ರವನ್ನು ಬಸ್ಸಿನ ಮೇಲೆ ಕಟ್ಟಿಸಿ ಕೆಳಗೆ ನಿಂತು ಕಾವಲು ಕಾಯುತ್ತಿದ್ದರು. ಬೆರಳುಗಳಿಗೆ ಒಳ್ಳೆಯ ಚರ್ಮ ಬಂದಿತ್ತು. ಅದನ್ನೇ ನೋಡುತ್ತ, “ಎರಡು ವರ್ಷ ನಿಮ್ಮನ್ನ ಸುಮ್ನೆ ಕುಣಿಸಿಬಿಟ್ಟೆ ಖುರ್ಷಿದಮ್ಮ, ತಪ್ಪಾಯ್ತು,” ಎಂದೆ.

“ಅರೇ, ಬಿಡಿ ಮೇಷ್ಟ್ರೇ. ನಿಮ್ ಅಧ್ಯಕ್ಷ್ರು ಪಾಪ, ಪೇಪರ್‌ನಲ್ಲಿ ಫೋಟೋ ಬರ್ಲಿ ಅಂತ ಆಸೆ ಪಟ್ಟಿದ್ರು. ಮೊದ್ಲಿನ ಇಬ್ರಿಗೂ ಒಂದೊಂದು ಫೋಟೋ ದಾನ ಅಂದ್ಕೊಂಡು ಕೊಟ್ಟೆ. ಮೂರನೇದೂ ಕೊಡೋಷ್ಟು ಸಾಹುಕಾರ್ತಿ ಅಲ್ಲ ನಾನು.”

ಅದೇ ಕೊನೆ, ಮತ್ತೆ ಅವರನ್ನು ನೋಡಲಿಲ್ಲ. ನಮ್ಮ ಕ್ಲಬ್ಬಿನ ಗೋಡೆಯ ಮೇಲೆ ದಾನಿಗಳ ಹೆಸರಿನ ದೊಡ್ಡ ಹಲಗೆಯೊಂದಿದೆ. ಅದರಲ್ಲಿ ಖುರ್ಷಿದಮ್ಮನ ಹೆಸರಿಲ್ಲ.